ಉಪಚಾರ ಬೇಡದ ಅತಿಥಿ

ಹೊಳೆದಂಡೆಯ ಆಶ್ರಮದಲ್ಲಿ ನಿರ್ವಾಣಯ್ಯನವರ ಶಿಷ್ಯ ಸೋಮಲಿಂಗನಿಗೆ ಊಟ ಬಡಿಸುವ ಕೆಲಸ. ಅವನ ಕೈಗೆ ಸಿಕ್ಕವರು ಅರೆಹೊಟ್ಟೆಯಲ್ಲಿ ಎದ್ದದ್ದೇ ಇಲ್ಲ. ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸಾರು ಸುರಿಯುವ ಮಹಾರಾಯ.

ಒಂದು ಬೆಳಿಗ್ಗೆ ಅವನು ಪಾತಿ ಅಗೆಯುವಾಗ ಗುದ್ದಲಿ ಹೆಬ್ಬಾವಿನ ಮರಿಯೊಂದಕ್ಕೆ ತಗುಲಿ ಬೆನ್ನು ಸೀಳಿತು. ಸೋಮಲಿಂಗ ಅಳುತ್ತ ಅದನ್ನು ಬುಟ್ಟಿಯಲ್ಲಿ ತಂದ.

“ಇದು ಉಣ್ಣೋವರೆಗೂ ನಾನೂ ಅನ್ನ ಮುಟ್ಟಲ್ಲ, ಬುದ್ಧಿ.”

ಗುರುಗಳು ಗಾಯಕ್ಕೆ ಅರಿಸಿನ ಹಚ್ಚಿದರು.

ಉಪಚಾರ ಶುರುವಾಯಿತು. ಸೋಮಲಿಂಗ ಮರಿಗೆ ದೊಡ್ಡ ಕೋಣೆಯನ್ನೇ ಬಿಟ್ಟುಕೊಟ್ಟ. ಹಾಲಿಟ್ಟ. ಬಾಳೆಹಣ್ಣು ಕಿವುಚಿಟ್ಟ. ಗಳಿಗೆಗೊಮ್ಮೆ ಕೈಗೆತ್ತಿಕೊಂಡು, “ಒಂದೇ ಒಂದು ತುತ್ತು ತಗೋ ನಮ್ಮಪ್ಪ” ಎಂದು ಬೇಡಿದ.

ಮರಿ ಹಗಲೂ ರಾತ್ರಿ ಗೋಡೆಗುಂಟ ಸುತ್ತಿತು. ಕಲ್ಲಿಗೆ ಉಜ್ಜಿ ಉಜ್ಜಿ ಮೂತಿ ಕೆಂಪಾಯಿತು.

ಐದನೆಯ ದಿನ ಅದರ ಕಣ್ಣುಗಳು ಹಾಲಿನಲ್ಲಿ ಅದ್ದಿದ ಹಾಗೆ ಮಬ್ಬಾದವು. ಸೋಮಲಿಂಗ ಗುರುಗಳ ಬಳಿ ಓಡಿದ. ಅಷ್ಟೂ ದಿನ ಅವನು ಕುಡಿದದ್ದು ಬರೀ ಗಂಜಿತಿಳಿ.

“ಬುದ್ಧಿ, ಕುರುಡಾಗೋಯ್ತು! ನನ್ನ ಗುದ್ದಲಿ ಏಟಿಗೇ ಆಗಿರ್ಬೇಕು. ಇದು ಸತ್ರೆ ಈ ಕೈಯಿಂದ ಇನ್ನು ಯಾರಿಗೂ ಬಡಿಸಲ್ಲ.”

“ಏನೇನು ಮಾಡ್ದೆ?”

“ಎಲ್ಲಾ ಮಾಡ್ದೆ.”

“ಹಂಗಾದ್ರೆ ಇನ್ನು ಏನೂ ಮಾಡ್ಬೇಡ.”

ಗುರುಗಳು ಒಲೆಯ ಹಿಂದಿನ ಬೆಚ್ಚನೆಯ ಮೂಲೆಯಲ್ಲಿ ಬಾಯಿ ಒಡೆದ ಮಡಕೆಯೊಂದನ್ನು ಬೋರಲು ಹಾಕಿ, ಮರಿಯನ್ನು ಅದರ ಮುಂದೆ ಬಿಟ್ಟರು. ಅದು ಒಡಕಿನಲ್ಲಿ ನುಸುಳಿ ಒಳಗೆ ಹೋಯಿತು. ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟು, ಅಡ್ಡಲಾಗಿ ಗೋಣಿತಾಟು ಇಳಿಬಿಟ್ಟರು.

“ಅಷ್ಟು ಇಕ್ಕಟ್ಟಿನಲ್ಲಾ, ಬುದ್ಧಿ?”

“ಮೈಗೆ ನಾಲ್ಕೂ ಕಡೆ ಗೋಡೆ ತಗುಲಿದ್ರೇ ಅದಕ್ಕೆ ಧೈರ್ಯ.”

“ಊಟ?”

“ಇವತ್ತಿಂದ ಹತ್ತನೇ ದಿನ, ಕಣಜದ ಬೋನಿಗೆ ಬಿದ್ದು ಸತ್ತ ಇಲಿ ಒಂದನ್ನ ಇಡು. ಇಟ್ಟು ಬಂದ್ಬಿಡು.”

“ಆಶ್ರಮದೊಳಗೆ ಇಲೀನಾ?”

“ಅದು ನಮ್ಮ ಶಿಷ್ಯ ಅಲ್ಲ ಕಣಪ್ಪ, ಅತಿಥಿ.”

“ನಡುವೆ ಒಂದ್ಸಲ ಇಣುಕಿ ನೋಡ್ಲಾ?”

ಗುರುಗಳು ಗೋಣಿತಾಟಿನ ಮುಂದೆಯೇ ತಮ್ಮ ಚಾಪೆ ಹಾಸಿಕೊಂಡರು.

ಸೋಮಲಿಂಗನಿಗೆ ಇಂಥ ಕಷ್ಟದ ತಪಸ್ಸು ಹಿಂದೆಂದೂ ಎದುರಾಗಿರಲಿಲ್ಲ. ಮಡಕೆಯಿಂದ ಸದ್ದೇ ಇಲ್ಲ. ಇತ್ತ ಆಶ್ರಮದವರು ತಟ್ಟೆ ಹಿಡಿದು, “ಒಂದು ತುತ್ತು, ಒಂದೇ ತುತ್ತು” ಎಂದು ಅವನ ಬೆನ್ನು ಬಿದ್ದರು. ಅವನು ಗೋಡೆಗುಂಟ ತಪ್ಪಿಸಿಕೊಂಡು ತಿರುಗಿದ. ಗುರುಗಳು ಮಾತ್ರ ಒಂದು ಸಲವೂ ಊಟಕ್ಕೆ ಕರೆಯಲಿಲ್ಲ.

ಹತ್ತನೆಯ ದಿನ ಸೋಮಲಿಂಗ ಇಲಿ ಇಟ್ಟು, ಹಿಂದಿರುಗಿ ನೋಡದೆ ಬಂದ.

ಮರುದಿನ ಗುರುಗಳು ಗೋಣಿತಾಟು ಸರಿಸಿ ಮಡಕೆ ಎತ್ತಿದರು.

ಇಲಿ ಇರಲಿಲ್ಲ. ಮರಿ ಸುರುಳಿ ಸುತ್ತಿ ಮಲಗಿತ್ತು. ನಡುಮೈ ಉಬ್ಬಿತ್ತು. ಮೈಯೆಲ್ಲ ಹೊಸದಾಗಿ ಮಿರುಗುತ್ತಿತ್ತು. ಗುದ್ದಲಿ ತಗುಲಿದ ಕಡೆ ಸಣ್ಣದೊಂದು ಗೆರೆ, ಅಷ್ಟೇ. ಕಣ್ಣುಗಳು ತಿಳಿಯಾಗಿದ್ದವು.

ಪಕ್ಕದಲ್ಲಿ ಪೊರೆ ಬಿದ್ದಿತ್ತು. ಗುರುಗಳು ಅದನ್ನು ಬೆಳಕಿಗೆ ಹಿಡಿದರು. ತಲೆಯ ಭಾಗದಲ್ಲಿ ಎರಡು ಪುಟ್ಟ ಬಿಲ್ಲೆಗಳು ನೀರಹನಿಯಂತೆ ಕಂಡವು.

“ಇದೇನು ಬುದ್ಧಿ?”

“ಕಣ್ಣ ಮೇಲಿದ್ದ ಪೊರೆ.”

“ಕಣ್ಣಿಂದೂ ಕಳಚುತ್ತಾ?”

“ಹೂಂ. ಕಳಚೋಕೆ ಮುಂಚೆ ಮಬ್ಬಾಗುತ್ತೆ.”

ಸೋಮಲಿಂಗನ ಮೈ ಜುಮ್ಮೆಂದಿತು. ಅಲ್ಲೇ ಮೊಣಕಾಲೂರಿದ. ಇಷ್ಟು ದೊಡ್ಡದನ್ನು ಅವನು ಯಾವ ಗರ್ಭಗುಡಿಯಲ್ಲೂ ಕಂಡಿರಲಿಲ್ಲ.

“ನಾನು ನೋಡದೇ ಇದ್ದಾಗ ಇಷ್ಟೆಲ್ಲಾ...” ಎಂದ.

ಗುರುಗಳು ಬಿಸಿ ಅನ್ನ, ಸಾರು ತಂದು ಅವನ ಮುಂದಿಟ್ಟರು. ಸೋಮಲಿಂಗ ತಟ್ಟೆ ನೋಡಿದ, ಗುರುಗಳ ಮುಖ ನೋಡಿದ. ಅನ್ನಕ್ಕೆ ಕೈ ಹಾಕಲು ಆಗಲಿಲ್ಲ.

ಗುರುಗಳು ಬಾಗಿಲ ಬಳಿ ಹೋಗಿ, ಅವನಿಗೆ ಬೆನ್ನು ಮಾಡಿ, ಹೊಳೆ ನೋಡುತ್ತ ಕೂತರು.

“ನಿಧಾನಕ್ಕೆ ಉಣ್ಣಪ್ಪ. ನಾನು ಈ ಕಡೆ ತಿರುಗಿದೀನಿ.”