ಒಂಬತ್ತನೆಯ ಹೆಸರು

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಕಲಿಸುತ್ತಿದ್ದದ್ದು ಒಂದೇ ವಿದ್ಯೆ. ಕಂಡದ್ದನ್ನು ಎಣಿಸುವುದು, ಎಣಿಸಿದ್ದರಿಂದ ಕಾಣದ್ದನ್ನು ಅಂದಾಜು ಮಾಡುವುದು.

ಏಚ ಅಲ್ಲಿಗೆ ಸೇರಿದ ದಿನ ಗುರು ಕಲಿದೇವರು ಪಾಠ ಮಾಡಲಿಲ್ಲ. ನಿಯಮ ಹೇಳಿದರು.

“ಬಿಸಿಲು ಬೀಳುವ ಮೊದಲು ಬಂದು ಕೂರಬೇಕು. ನಿಮ್ಮ ಕಣ್ಣಿನಿಂದ ಕಂಡದ್ದನ್ನೇ ಬರೆಯಬೇಕು, ಪಕ್ಕದವನ ಕಣ್ಣಿನಿಂದಲ್ಲ. ತಪ್ಪಾದರೆ ಅಳಿಸಬೇಡಿ, ಗೀಟು ಹಾಕಿ. ಗೀಟಿನ ಕೆಳಗಿನ ಅಂಕಿ ಓದುವಂತಿರಲಿ. ನೋಡಲಾಗದಿದ್ದರೆ ಚೌಕ ಖಾಲಿ ಬಿಡಿ. ಮೂರು ಚೌಕ ಖಾಲಿಯಾದವನು ಊರಿಗೆ ಹೋಗಿ, ಮುಂದಿನ ವರ್ಷ ಬರಲಿ.”

“ಜ್ವರ ಬಂದರೆ, ಗುರುಗಳೇ?”

“ಜ್ವರಕ್ಕೂ ಖಾಲಿ ಚೌಕವೇ.”

ಕಪ್ಪು ಬಟ್ಟೆಯ ಕಡತವೊಂದಿತ್ತು. ಅದರಲ್ಲಿ ಪ್ರತಿಯೊಬ್ಬನಿಗೂ ದಿನಕ್ಕೊಂದು ಚೌಕ. ಬೆಳಿಗ್ಗೆ ಹೆಸರು ಕರೆದಾಗ ‘ಬಂದಿದ್ದೇನೆ’ ಎಂದವನಿಗೆ ಬಳಪದಿಂದ ಒಂದು ಚುಕ್ಕೆ. ಅಂದಿನ ಸರದಿಯವನಿಗೆ ಮಾತ್ರ ಚುಕ್ಕೆಯ ಬದಲು ಹೊಳೆಯ ಅಳತೆ.

ಅಳತೆಗೆ ಮೆಟ್ಟಿಲುಗಳ ಕೆಳಗೆ, ನೀರಿನಲ್ಲಿ, ಹನ್ನೆರಡು ಗೀರುಗಳ ಕಲ್ಲುಕಂಬವಿತ್ತು. ನೀರು ಎಷ್ಟನೆಯ ಗೀರಿಗೆ ಬಂದಿದೆಯೆಂದು ಸರದಿಯವನು ನೋಡಿ ಬರುತ್ತಿದ್ದ. ಅಂಬಿಗ ನಿಂಗಣ್ಣ ಬೇಲಿಯಾಚೆ ನಿಂತು ಆ ಅಂಕಿ ಕೇಳಿಕೊಂಡು ಹೋಗುತ್ತಿದ್ದ. ಎಂಟು ದಾಟಿದ ದಿನ ಅವನು ಹರಿಗೋಲು ಇಳಿಸುತ್ತಿರಲಿಲ್ಲ.

ಶಿಷ್ಯರು ಎಂಟು ಜನ. ಗುರುಗಳು ಕರೆಯುತ್ತಿದ್ದದ್ದು ಒಂಬತ್ತು ಹೆಸರು.

ಕೊನೆಯ ಹೆಸರು ಬೊಪ್ಪ. ಅದನ್ನು ಕರೆದು ಗುರುಗಳು ತಲೆಯೆತ್ತುತ್ತಿದ್ದರು. ಒಬ್ಬ ಮನುಷ್ಯ ಉತ್ತರ ಕೊಡಲು ಬೇಕಾಗುವಷ್ಟು ಹೊತ್ತು ಕಾಯುತ್ತಿದ್ದರು. ಆಮೇಲೆ ಚೌಕವನ್ನು ಖಾಲಿ ಬಿಟ್ಟು ಕಡತ ಮಡಿಸುತ್ತಿದ್ದರು.

“ಮೂರಕ್ಕೇ ಊರಿಗೆ ಕಳಿಸ್ತಾರಂತೆ. ಈ ಬೊಪ್ಪ ಮೂರು ಸಾವಿರ ತಪ್ಪಿಸಿರಬೇಕು!” ಎಂದು ನಕ್ಕ ಏಚ.

ಹಿರಿಯ ಶಿಷ್ಯ ಮಾರಯ್ಯ ನಗಲಿಲ್ಲ. “ಮೆಲ್ಲಗೆ ಮಾತಾಡೋ. ಹೊಳೆಗೆ ಕೇಳಿಸುತ್ತೆ.”

ಏಚನಿಗೆ ಎರಡು ದಿನ ಜ್ವರ ಬಂತು. ಎರಡು ಚೌಕ ಖಾಲಿಯಾದವು. ಊರಿನ ಹತ್ತು ಜನ ಸೇರಿ ಆರಿಸಿ ಕಳಿಸಿದ್ದು ಅವನೊಬ್ಬನನ್ನೇ. ಅರ್ಧಕ್ಕೆ ಹಿಂತಿರುಗಿದರೆ ಅವರಿಗೆ ಯಾವ ಮುಖ ತೋರಿಸುವುದು?

ಅವನ ಸರದಿಯ ದಿನ ಎಚ್ಚರವಾಗುವಾಗ ತಡವಾಗಿತ್ತು. ಹೊರಗೆ ದಟ್ಟ ಮಂಜು. ಮೆಟ್ಟಿಲು ಇಳಿದು ಹತ್ತಿ ಬರುವಷ್ಟರಲ್ಲಿ ಕರೆಯುವ ಹೊತ್ತು ಮೀರುತ್ತಿತ್ತು.

ಏಚ ಕಡತ ಬಿಚ್ಚಿದ. ಮೊನ್ನೆ ಏಳು, ನಿನ್ನೆ ಏಳು. ಮಳೆಯ ಸುದ್ದಿಯೇ ಇಲ್ಲ.

ಅವನು ತನ್ನ ಚೌಕದಲ್ಲಿ ಏಳು ಎಂದು ಬರೆದ.

“ಎಷ್ಟಪ್ಪಾ ಇವತ್ತು?” ಬೇಲಿಯಾಚೆ ಮಂಜಿನೊಳಗಿಂದ ನಿಂಗಣ್ಣ ಕೂಗಿದ.

“ಏಳು, ನಿಂಗಣ್ಣಾ.”

“ಸರಿ. ಸಂತೆಗೆ ಹೋಗೋ ಹೆಂಗಸರು ಕಾಯ್ತಾ ಇದ್ದಾರೆ.” ಹೆಜ್ಜೆಯ ಸಪ್ಪಳ ದೂರವಾಯಿತು.

ಎಲ್ಲರೂ ಬಂದು ಕೂತರು. ಗುರುಗಳು ಒಂದೊಂದೇ ಹೆಸರು ಕರೆದರು. ಎಂಟು ಮುಗಿಯಿತು.

“ಬೊಪ್ಪ.”

ಗುರುಗಳು ಎಂದಿನಂತೆ ತಲೆಯೆತ್ತಿ ಕಾದರು.

“ಬಂದಿದ್ದೇನೆ.”

ಎಳೆಯ ದನಿ. ಗಂಟಲಲ್ಲಿ ನೀರು ನಿಂತವನ ದನಿ. ಅದು ಬಂದದ್ದು ಏಚನ ಬೆನ್ನ ಹಿಂದಿನಿಂದ. ಎಲ್ಲರೂ ಏಚನತ್ತ ತಿರುಗಿದರು.

“ಏಚ, ಇದು ತಮಾಷೆ ಮಾಡೋ ಹೆಸರಲ್ಲ,” ಎಂದ ಮಾರಯ್ಯ.

“ನಾನಲ್ಲ ಮಾರಣ್ಣ.”

ಏಚ ಹಿಂದೆ ನೋಡಿದ. ಯಾರೂ ಇರಲಿಲ್ಲ. ಒಣ ನೆಲದ ಮೇಲೆ ಜೋಡಿ ಪಾದದ ಒದ್ದೆ ಗುರುತಿತ್ತು. ಬಂದ ಹೆಜ್ಜೆಯಿಲ್ಲ, ಹೋದ ಹೆಜ್ಜೆಯಿಲ್ಲ.

ಗುರುಗಳು ಆ ಗುರುತನ್ನು ನೋಡಿದರು. ಕಡತವನ್ನು ನೋಡಿದರು.

“ಏಚ, ಈ ಏಳನ್ನು ನೀನು ಕಂಡೆಯಾ?”

“ಮೊನ್ನೆ ಏಳು, ನಿನ್ನೆ ಏಳು…”

“ಕಂಡೆಯಾ?”

“ಇಲ್ಲ.”

“ಓಡು.”

ಏಚ ಓಡಿದ. ಮಂಜಿನಲ್ಲಿ ದಂಡೆ ಯಾವುದು, ನೀರು ಯಾವುದು ತಿಳಿಯುತ್ತಿರಲಿಲ್ಲ. ಹರಿಗೋಲಿನಲ್ಲಿ ಆರು ಹೆಂಗಸರು ಬುಟ್ಟಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

“ಇಳೀರಮ್ಮ! ನಿಂಗಣ್ಣಾ, ಹೋಗಬೇಡ!”

“ಈಗ ತಾನೆ ಏಳು ಅಂದೆಯಲ್ಲಯ್ಯಾ?”

“ಸುಳ್ಳು ಹೇಳಿದೆ. ನಾನು ನೋಡೇ ಇಲ್ಲ.”

ನಿಂಗಣ್ಣ ಬಿದಿರಿನ ಉದ್ದ ಗಳವನ್ನು ನೀರಿಗಿಳಿಸಿದ. ಅದು ಇಳಿಯಿತು, ಇನ್ನೂ ಇಳಿಯಿತು. ಅವನ ಮುಂಗೈ ನೆನೆದರೂ ತಳ ಸಿಗಲಿಲ್ಲ.

“ಅಯ್ಯೋ, ಮೇಲೆಲ್ಲೋ ಮಳೆ ಸುರಿದಿದೆ,” ಎಂದ. ಹೆಂಗಸರು ಬುಟ್ಟಿ ಎತ್ತಿಕೊಂಡು ಇಳಿದರು.

ಏಚ ಕಂಬದ ಹತ್ತಿರ ಹೋಗಿ ಬಗ್ಗಿ ನೋಡಿದ. ಹನ್ನೊಂದು.

ನಿಂಗಣ್ಣ ಹಗ್ಗ ಕಟ್ಟುತ್ತಾ ಹೇಳಿದ: “ಆಗಲೇ ಹೊರಟುಬಿಡ್ತಿದ್ದೆ ಕಣಯ್ಯಾ. ನಿಮ್ಮವನೊಬ್ಬ ಈ ಕಂಬದ ಪಕ್ಕ ಎದೆಮಟ್ಟ ನೀರಲ್ಲಿ ನಿಂತಿದ್ದ. ಪಕ್ಕಕ್ಕೆ ಸರಿ ಅಂದರೆ ಸರಿಯಲೇ ಇಲ್ಲ. ನೀನೇ ಅಂದ್ಕೊಂಡಿದ್ದೆ.”

ಏಚ ಮೆಟ್ಟಿಲು ಹತ್ತಿ ಬಂದಾಗ ಉಳಿದವರು ಎದ್ದು ಹೋಗಿದ್ದರು. ಗುರುಗಳ ಮುಂದೆ ಹಳೆಯದೊಂದು ಕಡತ ಬಿಚ್ಚಿತ್ತು. ಅದರ ಮಡಿಕೆಗಳು ಸವೆದು ಬಟ್ಟೆ ಬೆಳ್ಳಗಾಗಿತ್ತು.

“ಹರಿಗೋಲು ದಡದಲ್ಲೇ ಇದೆ, ಗುರುಗಳೇ. ನೀರು ಹನ್ನೊಂದಕ್ಕೆ ಬಂದಿದೆ.” ನಿಂಗಣ್ಣ ಕಂಡದ್ದನ್ನೂ ಅವನು ಹೇಳಿದ.

ಗುರುಗಳು ಇಂದಿನ ಕಡತದಲ್ಲಿ ಅವನ ಏಳನ್ನು ತೋರಿಸಿದರು.

“ಕಂಡದ್ದರಿಂದ ಕಾಣದ್ದನ್ನು ಹೇಳುವುದನ್ನು ನೀವೇ ಕಲಿಸಿದಿರಿ,” ಎಂದ ಏಚ. “ಏಳು, ಏಳು, ಆಮೇಲೆ ಏಳು ಅನ್ನುವುದು ತಪ್ಪೇ?”

“ಅಂದಾಜನ್ನು ಅಂದಾಜು ಎಂದು ಬರೆದಿದ್ದರೆ ತಪ್ಪಿರಲಿಲ್ಲ. ನಿಂಗಣ್ಣ ತಾನೇ ಗಳ ಇಳಿಸಿ ನೋಡುತ್ತಿದ್ದ. ನೀನು ಕಂಡವನಂತೆ ಬರೆದೆ.”

ಹಳೆಯ ಕಡತದ ಒಂದು ಸಾಲಿನ ಮೇಲೆ ಅವರು ಬೆರಳಿಟ್ಟರು. ಏಳು, ಏಳು, ಏಳು. ಮೂರನೆಯದಕ್ಕೆ ಗೀಟು ಹಾಕಿತ್ತು.

“ಅಂದೂ ಹೀಗೇ ಮಂಜು. ಬೊಪ್ಪ ನನ್ನ ಮೊದಲ ಶಿಷ್ಯ. ಈ ಏಳನ್ನು ನೋಡಿಕೊಂಡು ಸ್ನಾನಕ್ಕೆ ಇಳಿದ. ಅವನನ್ನು ಊರಿಗೆ ಕಳಿಸೋಣವೆಂದರೆ ಹೊಳೆ ಕೊಡಲಿಲ್ಲ.”

“ಈ ಏಳನ್ನು ಬರೆದವನು ಯಾರು?”

ಗುರುಗಳು ಇಂದಿನ ಕಡತ ಎಳೆದುಕೊಂಡು ಅಂಚಿನಲ್ಲಿ ಏಳು ಎಂದು ಬರೆದರು. ಹಳೆಯ ಏಳಿನ ಅದೇ ಬಾಗು, ಅದೇ ಬಾಲ. ಏಚ ಕಣ್ಣು ತಗ್ಗಿಸಿದ.

ಆಮೇಲೆ ಅವನೇ ಬಳಪ ತೆಗೆದುಕೊಂಡ. ತನ್ನ ಏಳರ ಮೇಲೆ ಗೀಟು ಹಾಕಿದ. ಹನ್ನೊಂದನ್ನು ಬರೆಯಲು ಹೋದವನು ತಡೆದುಕೊಂಡ. ಅಳತೆಯ ಹೊತ್ತು ಮೀರಿತ್ತು.

“ಇದೂ ಖಾಲಿ ಚೌಕವೇ. ನನಗೆ ಮೂರಾಯಿತು, ಗುರುಗಳೇ.”

“ಹೌದು. ಮುಂದಿನ ವರ್ಷ ಬಾ.”

“ನನ್ನ ಹೆಸರು ತೆಗೆದುಬಿಡುತ್ತೀರಾ?”

“ನೀನು ಬರುವವರೆಗೂ ದಿನಾ ಕರೆಯುತ್ತೇನೆ.”

ಏಚ ಬಟ್ಟೆ ಗಂಟು ಕಟ್ಟಿಕೊಂಡು ಬಂದು ಕಾಲಿಗೆರಗಿದ. ಎದ್ದಾಗ ಗುರುಗಳ ಬಳಪ ಒಂಬತ್ತನೆಯ ಸಾಲಿನ ಚೌಕದ ಮೇಲೆ ನಿಂತಿತ್ತು. ನೆಲದ ಮೇಲಿನ ಒದ್ದೆ ಗುರುತು ಇನ್ನೂ ಆರಿರಲಿಲ್ಲ.

“ಇಷ್ಟು ವರ್ಷ ಕರೆದಿರಿ. ಇವತ್ತು ಬಂದನಲ್ಲ,” ಎಂದ ಏಚ. “ಒಂದು ಚುಕ್ಕೆ ಇಡಿ, ಗುರುಗಳೇ.”

ಗುರುಗಳು ಬಳಪವನ್ನು ಕೆಳಗಿಟ್ಟರು.

“ನಾನು ದನಿ ಕೇಳಿದೆ ಅಷ್ಟೆ. ಅವನನ್ನು ಕಂಡವನು ನಿಂಗಣ್ಣ, ನಾನಲ್ಲ. ಖಾಲಿ ಇರಲಿ.”