ಹಸಿ ಗೋಡೆಗೆ ಟೈಲ್ಸ್ ಕೂರಿಸಿದವನು

"ಗುರುಗಳೇ, ಕೆಡುಕು ಕಂಡವನು ಒಂದು ಸಲ ಬಾಯಿಬಿಟ್ಟು ಹೇಳಿಬಿಟ್ಟರೆ ಅವನ ಹೊಣೆ ಅಲ್ಲಿಗೆ ತೀರಿತಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ದಿನ ಗೊತ್ತಾಯಿತು. ನೆಂಟರಿಗೆಲ್ಲ ಕರೆ ಹೋಯಿತು. ಉಳಿದದ್ದು ಅಡುಗೆಮನೆಯಲ್ಲಿ ಸಿಂಕಿನ ಹಿಂದಿನ ಗೋಡೆ ಮಾತ್ರ. ಅದಕ್ಕೆ ಟೈಲ್ಸ್ ಕೂರಿಸಲು ಒಬ್ಬ ಗಾರೆಯವನು ಬಂದ.

ಅವನು ಗೋಡೆಯ ಮೇಲೆ ಅಂಗೈ ಇಟ್ಟ. ನಲ್ಲಿಯ ಸುತ್ತ ತಣ್ಣಗಿತ್ತು. ಹಸಿ ಕಲೆಯೊಂದು ಸ್ವಿಚ್ಚಿನ ಕಡೆಗೆ ಹರಡಿತ್ತು. ಕರಣೆ ಕೆಳಗಿಟ್ಟು ವ್ಯಾಪಾರಿಯನ್ನು ಕರೆದ.

"ಯಜಮಾನ್ರೇ, ಒಳಗೆ ಪೈಪು ಒಸರ್ತಾ ಇದೆ. ಪಕ್ಕದಲ್ಲೇ ಕರೆಂಟಿನ ವೈರು. ಒಡೆದು ಸರಿಮಾಡದೆ ಮುಚ್ಚಿದರೆ ಒಂದಲ್ಲ ಒಂದು ದಿನ ಹೆಣ ಬೀಳುತ್ತೆ."

"ಶುಭಕಾರ್ಯದ ಮನೇಲಿ ಎಂಥ ಮಾತಾಡ್ತೀಯೋ! ನಾಳಿದ್ದು ಬೆಳಿಗ್ಗೆ ಇಲ್ಲಿ ಹಾಲು ಉಕ್ಕಬೇಕು. ಗೋಡೆ ಒಡೆದು ಕೂತರೆ ನೆಂಟರ ಮುಂದೆ ಏನು ಉಕ್ಕಿಸಲಿ, ನಿನ್ನ ಸಿಮೆಂಟಾ? ನಿನ್ನ ಕೈಲಿರೋದು ಕರಣೆ, ಪಂಚಾಂಗ ಅಲ್ಲ. ಹಾಕು."

"ಹೇಳೋದು ಹೇಳಿದ್ದೀನಿ. ಆಮೇಲೆ ನನ್ನ ಅನ್ನಬೇಡಿ."

"ಅನ್ನಲ್ಲ ಹೋಗೋ."

ಹಸಿ ಗೋಡೆಗೆ ಟೈಲ್ಸ್ ಸುಲಭವಾಗಿ ಕಚ್ಚುವುದಿಲ್ಲ. ಗಾರೆಯವನು ಕಲೆಯ ಮೇಲೆ ಒಣ ಸಿಮೆಂಟು ಎರಚಿದ. ಅದು ನೀರು ಹೀರಿದ ಮೇಲೆ ಟೈಲ್ಸ್ ಕೂರಿಸಿದ. ಅವನಿಗೆ ಬೇಸರವಿತ್ತು, ಕೈಗೆ ಇರಲಿಲ್ಲ. ಸಂದುಗಳಿಗೆ ಬಿಳಿ ಸಿಮೆಂಟು ತುಂಬಿ ಬಟ್ಟೆಯಲ್ಲಿ ಒರೆಸಿದ. ಗೋಡೆ ಕನ್ನಡಿಯಂತಾಯಿತು.

ಸಂಜೆ ವ್ಯಾಪಾರಿಯ ಸೊಸೆ ನೋಡಲು ಬಂದಳು. ನಲ್ಲಿಯ ಪಕ್ಕ ಬೆರಳಾಡಿಸಿದಳು.

"ಇಲ್ಲಿ ಹಸಿ ಕಲೆ ಇತ್ತಲ್ಲಣ್ಣ, ಹೋಯ್ತಾ?"

ಗಾರೆಯವನು ಬೆವರು ಒರೆಸಿಕೊಂಡ. ಮಾವನ ಹತ್ತಿರ ಆಗಲೇ ಆಡಿ ಬೈಸಿಕೊಂಡ ಮಾತು. ಮತ್ಯಾಕೆ ಎನಿಸಿತು.

"ಈಗೆಲ್ಲಿ ಕಾಣುತ್ತೆ ತಾಯಿ?" ಎಂದ.

ಅವಳು ನಕ್ಕಳು. "ಇನ್ನು ನಮ್ಮತ್ತೆ ಮುಖ ನೋಡ್ಕೊಳ್ಳೋಕೂ ಇಲ್ಲಿಗೇ ಬರ್ತಾರೆ."

ಹಾಲು ಉಕ್ಕಿತು. ನೆಂಟರು ಉಂಡು, ಅಡುಗೆಮನೆ ಹೊಗಳಿ ಹೋದರು.

ಮಳೆಗಾಲ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ಸೊಸೆ ಅಕ್ಕಿ ತೊಳೆಯಲು ನಲ್ಲಿ ತಿರುಗಿಸಿದಳು. ಹಿಡಿದ ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಅತ್ತೆ ಬಂದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಿಂಕಿನಲ್ಲಿ ನೀರು ಹರಿಯುತ್ತಲೇ ಇತ್ತು.

ಗೋಡೆ ಒಡೆಯಲು ಅದೇ ಗಾರೆಯವನನ್ನು ಕರೆಸಿದರು. ಟೈಲ್ಸ್ ಎಷ್ಟು ಬಿಗಿಯಾಗಿ ಕೂತಿದ್ದವೆಂದರೆ, ಒಂದೊಂದನ್ನೂ ಚೂರು ಮಾಡಿ ತೆಗೆಯಬೇಕಾಯಿತು. ಒಳಗೆ ವೈರು ನೆನೆದು ಕಪ್ಪಾಗಿತ್ತು. ವ್ಯಾಪಾರಿ ನೆಲಕ್ಕೆ ಕುಸಿದು ಕೂತ. "ಇವನು ಹೇಳಿದ್ದ. ನಾನೇ ಕೇಳಲಿಲ್ಲ" ಎಂದು ಎಲ್ಲರೆದುರು ಒಪ್ಪಿಕೊಂಡ. ಗಾರೆಯವನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅವನು ಚೂರುಗಳನ್ನು ಬುಟ್ಟಿಗೆ ತುಂಬಿ, ಹೊರಗೆ ಸುರಿದು ಹೋದ.

ಶಿಷ್ಯ ಉಸಿರು ಬಿಟ್ಟ. "ಹಾಗಾದರೆ ಅವನದೇನೂ ತಪ್ಪಿಲ್ಲ ಗುರುಗಳೇ. ಗೋಡೆಯ ಒಡೆಯನಿಗೆ ಹೇಳಿದ್ದನಲ್ಲ."

ಗುರುಗಳು ಎಂದರು: "ನಲ್ಲಿ ತಿರುಗಿಸುವವಳು ಕೇಳಿದಳಲ್ಲ, ಅವಳಿಗೆ ಹೇಳಿದನೇ?"