ಉಡಿಗುಡ್ಡಕ್ಕೆ ಆ ಹೆಸರು ಬಂದ ಬಗೆ

ಕಲ್ಲರೆಹಾಳದಲ್ಲಿ ಬಸ್ಸಿಳಿದು ಪಡುವಣಕ್ಕೆ ನೋಡಿದರೆ ಉಡಿಗುಡ್ಡ ಕಾಣುತ್ತದೆ. ಗುಡ್ಡವೆಂದು ನಂಬಿ ಹತ್ತಲು ಬಂದವರಿಗೆ ನಗು ಬರುತ್ತದೆ. ಅದು ಹುಲ್ಲು ಬೆಳೆದ, ಎರಡಾಳೆತ್ತರದ ದಿಬ್ಬ, ಅಷ್ಟೆ. ಗುಡಿಯಿಲ್ಲ, ಮೂರ್ತಿಯಿಲ್ಲ. ನೆತ್ತಿಯಲ್ಲಿ ಮಣ್ಣು ತುಸು ಒಳಕ್ಕೆ ಕುಸಿದಿದೆ. ಊರ ಹೆಂಗಸರು ಸೀರೆಯ ಉಡಿಯಲ್ಲಿ ಮಣ್ಣು ಕಟ್ಟಿಕೊಂಡು ಬಂದು ಆ ತಗ್ಗಿಗೆ ಸುರಿದು, ಸೆರಗು ಕೊಡವಿ, ಹಿಂತಿರುಗಿ ನೋಡದೆ ಇಳಿಯುತ್ತಾರೆ.

ಹಿಂದೆ ಒಮ್ಮೆ, ಈ ನೆಲದಲ್ಲಿ ಚಿನ್ನವಿದೆಯೆಂಬ ಸುದ್ದಿ ಹಿಡಿದು ಮಾದರಸನೆಂಬ ಯಜಮಾನ ಆಳುಗಳೊಡನೆ ಇಲ್ಲಿಗೆ ಬಂದನಂತೆ. ನೆಲ ಅಗೆಯುವುದಕ್ಕೆ ಆಗ ಒಂದು ಕಟ್ಟಳೆಯಿತ್ತು. ಮೊದಲ ಗುದ್ದಲಿ ಹಾಕಿದವರೇ ಮುಚ್ಚುವಾಗ ಮೊದಲ ಮಣ್ಣನ್ನೂ ಹಾಕಬೇಕು. ಅದಕ್ಕೆ ಮುಂಚೆ ಬೇರೆಯವರು ಒಂದು ಹಿಡಿ ಹಾಕಿದರೂ ಭೂಮಿತಾಯಿ ಮುನಿಯುತ್ತಾಳೆ. ಇದನ್ನು ಚೆನ್ನಾಗಿ ಬಲ್ಲ ಮಾದರಸ ಗುದ್ದಲಿಯನ್ನು ಮುಟ್ಟಲೇ ಇಲ್ಲ. ಊರ ಮುತ್ತೈದೆ ಹುಲಿಗೆವ್ವನನ್ನು ಕರೆಸಿ, ಹಸಿರು ಸೀರೆ ಕೊಟ್ಟು, ಅಕ್ಕಿ, ಕೊಬ್ಬರಿ, ಅರಿಶಿನಕೊಂಬುಗಳಿಂದ ಉಡಿ ತುಂಬಿಸಿದ. “ನಿನ್ನ ಕೈಗುಣ ಛಲೋ ಐತಿ ಅಂತಾರ, ಯವ್ವ. ಮೊದಲ ಗುದ್ದಲಿ ನೀನ ಹಾಕು,” ಎಂದ. ಊರಿಗೆ ಊರೇ ಹಿಗ್ಗಿತು. ಊರಿನವರು ಬಾವಿ ತೋಡಿ ಬಲ್ಲವರು. ಬಾವಿಗೂ ಮುತ್ತೈದೆಯೇ ಗುದ್ದಲಿ ಹಾಕುವುದು, ಆದರೆ ಬಾವಿಯನ್ನು ಯಾರೂ ಮುಚ್ಚುವುದಿಲ್ಲ. ಹಾಗಾಗಿ ಕಟ್ಟಳೆಯ ಉಳಿದರ್ಧ ಯಾರ ನೆನಪಿಗೂ ಬರಲಿಲ್ಲ. ಒಬ್ಬನೇ ಮಗ ದ್ಯಾವಪ್ಪನಿಗೆ ಗುಂಡಿಯಲ್ಲಿ ಕೆಲಸವೂ ಸಿಕ್ಕಿದ್ದರಿಂದ ಹುಲಿಗೆವ್ವ ಸಂತೋಷದಿಂದಲೇ ಗುದ್ದಲಿ ಎತ್ತಿದಳು.

ಕೆಲವು ವರ್ಷಗಳಲ್ಲಿ ಗುಂಡಿ ಪಾತಾಳ ಕಂಡಿತು. ಒಂದು ಮಳೆಗಾಲ ದಡ ಕುಸಿದು ದ್ಯಾವಪ್ಪ ಒಳಗೇ ಉಳಿದ; ಹೆಣ ತೆಗೆಯಲಾಗಲಿಲ್ಲ. ಅಷ್ಟರಲ್ಲಿ ಚಿನ್ನವೂ ತೀರಿತ್ತು. ಮಾದರಸ ಉಂಡೂ ಹೋದ, ಕೊಂಡೂ ಹೋದ. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಗಾದೆ. ಮಾಡಿದ ಮಹಾರಾಯ ಯಾವ ಸೀಮೆಯಲ್ಲಿ ಉಣ್ಣುತ್ತಿದ್ದನೋ ಯಾರಿಗೂ ತಿಳಿಯಲಿಲ್ಲ. ತೆರೆದ ಗುಂಡಿಗೆ ದನಕರುಗಳು ಬಿದ್ದವು, ರಾಶಿ ಹಾಕಿದ ಮಣ್ಣು ಕೊಚ್ಚಿಹೋಗಿ ಕೆರೆ ಸೇರಿತು. ಮುಚ್ಚೋಣವೆಂದರೆ ಮೊದಲ ಮಣ್ಣು ಹುಲಿಗೆವ್ವನದಾಗಬೇಕು. ಹಿರಿಯರು ಬಾಗಿಲಲ್ಲಿ ಬಂದು ನಿಂತರೂ ಅವಳು ಜೋಳ ಬೀಸುವುದನ್ನು ಬಿಡುತ್ತಿರಲಿಲ್ಲ. “ನನ್ನ ಮಗ ಒಳಗ ಅದಾನ,” ಎನ್ನುವಳು, ಅದೊಂದೇ ಮಾತು. ಮಣ್ಣು ಹಾಕಿದರೆ ಮಗ ಸತ್ತನೆಂದು ಕೈಯಾರೆ ಒಪ್ಪಿದಂತೆ. ಅವಳಿಗೆ ಅಳು ಬರುತ್ತಿರಲಿಲ್ಲ. ಎದೆಯ ಮೇಲೆ ಕಲ್ಲಿಟ್ಟಂತಿತ್ತು, ಆದರೆ ಅದು ನೋಯುತ್ತಲೂ ಇರಲಿಲ್ಲ.

ಒಂದು ದಿನ ಕುರಿ ಕಾಯುವ ಭೀಮವ್ವನ ಮಗಳು ಕಟ್ಟಿಗೆಗೆ ಹೋದವಳು ಅದೇ ಗುಂಡಿಗೆ ಬಿದ್ದಳು. ಹಗ್ಗ ಇಳಿಸಿ ಹುಡುಕಿದರೂ ಸಿಗಲಿಲ್ಲ. ಭೀಮವ್ವ ಬಂದು ಬೀಸುಕಲ್ಲಿನ ಎದುರು ಕುಳಿತಳು. ಬೈಯಲಿಲ್ಲ. “ಈಗ ನನ್ನ ಮಗಳೂ ಒಳಗ ಅದಾಳ, ಅಕ್ಕಾ,” ಎಂದಳು.

ಹುಲಿಗೆವ್ವನ ಕೈ ನಿಂತಿತು. ಎದ್ದು, ಹಸಿರು ಸೀರೆ ತೆಗೆದು ಉಟ್ಟು, ಹಿತ್ತಲ ಮಣ್ಣನ್ನು ಉಡಿಗೆ ತುಂಬಿಕೊಂಡು ನಡೆದಳು. ದಾರಿಯುದ್ದಕ್ಕೂ ಅವಳಿಗೆ ಅನ್ನಿಸಿದ್ದು ಇಷ್ಟೇ: ಅಂದಿನ ಅಕ್ಕಿಯೂ ಹೆಚ್ಚುಕಡಿಮೆ ಇಷ್ಟೇ ಭಾರವಿತ್ತು. ದಡದಲ್ಲಿ ನಿಂತು ಗಂಟು ಬಿಚ್ಚಿ ಸುರಿದಳು. ಮಣ್ಣು ತಳ ಮುಟ್ಟಿದ ಸದ್ದು ಕೇಳಿಸಲಿಲ್ಲ. ಎರಡನೆಯ ಹಿಡಿ ಭೀಮವ್ವ ಹಾಕಿದಳು. ಆಮೇಲೆ ಊರು ಬುಟ್ಟಿ ಎತ್ತಿತು.

ಗುಂಡಿ ತುಂಬಿ ದಿಬ್ಬವಾಗಲು ಹುಲಿಗೆವ್ವನ ಆಯುಷ್ಯವೆಲ್ಲ ಹಿಡಿಯಿತು ಎನ್ನುತ್ತಾರೆ. ಇಂದಿಗೂ ಮಳೆಗಾಲ ಕಳೆದಾಗ ನೆತ್ತಿ ಒಂದಿಷ್ಟು ಕುಸಿದಿರುತ್ತದೆ. ಒಳಗಿನ ಮಕ್ಕಳು ಮಗ್ಗಲು ಬದಲಿಸಿದರು ಎಂದುಕೊಂಡು ಹೆಂಗಸರು ಮತ್ತೆ ಉಡಿಮಣ್ಣು ಒಯ್ಯುತ್ತಾರೆ. ಅಗೆಯಲು ಬಂದವರು ಎಷ್ಟು ದೊಡ್ಡವರಾದರೂ ಅವರಿಂದ ಈ ಊರ ಹೆಣ್ಣು ಉಡಿ ತುಂಬಿಸಿಕೊಳ್ಳುವುದಿಲ್ಲ. ದಿಬ್ಬದಾಚೆ, ಈಚೆಗೆ ಯಂತ್ರಗಳಿಂದ ಅಗೆದು ಬಿಟ್ಟುಹೋದ ಗುಂಡಿಗಳಲ್ಲಿ ನೀರು ನಿಂತು ಪಾಚಿಗಟ್ಟಿದೆ. ಇವಕ್ಕೆ ಮೊದಲ ಗುದ್ದಲಿ ಯಾರು ಹಾಕಿದರೆಂದು ಬಂದವರು ಕೇಳುತ್ತಾರೆ. ಊರಿನವರಿಗೆ ಗೊತ್ತಿಲ್ಲ. ಮೊದಲ ಮಣ್ಣು ಯಾರದಾಗಬೇಕೆಂದು ತಿಳಿಯದೆ ಅವು ಹಾಗೆಯೇ ತೆರೆದುಕೊಂಡಿವೆ.